ಸ್ವಗತವೂ ಆತ್ಮವಿಶ್ವಾಸವೂ

ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯೂ ಮೊದಲ ಪಾಠಕ್ಕೆ ನಿಂತ ಅಧ್ಯಾಪಕನೂ ಮನಸ್ಸಿನೊಳಗೆ ತಮ್ಮೊಡನೆ ತಾವೇ ಮಾತನಾಡಿಕೊಳ್ಳುವುದುಂಟು. ಈ ಮಾತನ್ನು ನಾವು ಸ್ವಗತವೆಂದು ಕರೆಯೋಣ. ಅದು ಧೈರ್ಯವನ್ನು ಕೊಡಲೂ ಬಲ್ಲುದು, ಕೆಡಿಸಲೂ ಬಲ್ಲುದು. ಯಾವ ಬಗೆಯ ಸ್ವಗತವು ಉಪಕಾರಕವೆಂಬುದೇ ಇಲ್ಲಿ ವಿಚಾರಣೀಯ.

ಮಗುವು ಹಿರಿಯರಿಂದ ಕೇಳಿದ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿಕೊಳ್ಳುತ್ತ ಕೆಲಸ ಮಾಡುತ್ತದೆ. ಕ್ರಮೇಣ ಆ ಮಾತು ಒಳಸರಿದು ಆಲೋಚನೆಯಾಗುತ್ತದೆ. 1934ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರಷ್ಯದ ಮನಃಶಾಸ್ತ್ರಜ್ಞ ವೈಗಾಟ್‌ಸ್ಕಿಯವರು ಪ್ರತಿಪಾದಿಸಿದ ತತ್ತ್ವವಿದು. ಆದುದರಿಂದ ಸ್ವಗತವು ಬರಿಯ ಸಮಾಧಾನದ ಮಾತಲ್ಲ. ಕಾರ್ಯವನ್ನು ನಡೆಸುವ ಸಾಧನ.

ಕ್ರೀಡೆಗೆ ಸಂಬಂಧಿಸಿದ 32 ಅಧ್ಯಯನಗಳನ್ನು ಹಾಟ್ಜಿಜಾರ್ಜಿಯಾಡಿಸ್ ಮತ್ತು ಸಂಗಡಿಗರು 2011ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಸ್ವಗತದಿಂದ ಸಾಧನೆಯು ಮಧ್ಯಮ ಪ್ರಮಾಣದಲ್ಲಿ ಉತ್ತಮಗೊಳ್ಳುವುದೆಂದೂ, ಸೂಕ್ಷ್ಮ ಕೈಚಳಕದ ಕೆಲಸಗಳಲ್ಲಿ ಹುರಿದುಂಬಿಸುವ ಮಾತಿಗಿಂತ ಮಾರ್ಗ ತೋರುವ ಮಾತು ಹೆಚ್ಚು ಫಲಕಾರಿಯೆಂದೂ ಕಂಡುಬಂದಿತು. ಗೌರಿಬಿದನೂರು ತಾಲ್ಲೂಕಿನ ಅಲೀಪುರವು ರತ್ನದ ಹರಳುಗಳ ಉದ್ಯಮಕ್ಕೆ ಹೆಸರಾದ ಊರು. ಹರಳನ್ನು ಸಾಣೆ ಹಿಡಿಯುವಂತಹ ನವುರಾದ ಕೆಲಸವನ್ನು ಕಲಿಯುವವನಿಗೆ ‘ನಾನು ನಿಪುಣ’ ಎಂಬುದಕ್ಕಿಂತ ‘ಓರೆ ನೋಡು, ಮೆಲ್ಲಗೆ ಒತ್ತು’ ಎಂಬುದೇ ಹೆಚ್ಚು ನೆರವಾದೀತೆಂದು ಇದರಿಂದ ಊಹಿಸಬಹುದು.

ಆತ್ಮಪ್ರಶಂಸೆಗೆ ಇನ್ನೊಂದು ತೊಡಕೂ ಉಂಟು. ತಮ್ಮನ್ನು ತಾವು ಕೀಳೆಂದೆಣಿಸುವವರು ‘ನಾನು ಪ್ರೀತಿಗೆ ಪಾತ್ರನು’ ಎಂದು ಹೇಳಿಕೊಂಡಾಗ ಅವರ ಮನಃಸ್ಥಿತಿ ಇನ್ನಷ್ಟು ಕುಗ್ಗಿದುದನ್ನು ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದರು. ನಂಬಲಾಗದ ಹೊಗಳಿಕೆಗೆ ಮನಸ್ಸು ಪ್ರತಿವಾದವನ್ನು ಹೂಡುತ್ತದೆ. ಹೀಗೆ, ಯಾರಿಗೆ ಧೈರ್ಯ ಅತ್ಯಗತ್ಯವೋ ಅವರಿಗೇ ಈ ಔಷಧವು ಅಪಥ್ಯವಾಗಬಹುದು.

ಹಾಗಾದರೆ ದಾರಿಯೇನು? ಭಾಷಣಕ್ಕೆ ಸಿದ್ಧರಾಗುವಾಗ ‘ನಾನು’ ಎನ್ನದೆ ತಮ್ಮ ಹೆಸರನ್ನೇ ಹಿಡಿದು ತಮ್ಮೊಡನೆ ಮಾತನಾಡಿಕೊಂಡವರಲ್ಲಿ ಕಳವಳ ಕಡಿಮೆಯಾಗಿ, ಭಾಷಣವೂ ಮೇಲಾಯಿತೆಂದು ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ತನ್ನನ್ನು ತುಸು ದೂರದಿಂದ ನೋಡಿದವನಿಗೆ ಗೆಳೆಯನಿಗೆ ಹೇಳುವ ವಿವೇಕ ತನಗೂ ಒದಗುತ್ತದೆ. ಈ ರೀತಿ ಕನ್ನಡಿಗರಿಗೆ ಅಪರಿಚಿತವಲ್ಲ. ನೆರೆಯ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ‘ಮಂಕುತಿಮ್ಮ’ನೆಂಬ ಸಂಬೋಧನೆಯಿಂದಲೇ ಪದ್ಯವನ್ನು ಮುಗಿಸುವ ಕ್ರಮವನ್ನಿರಿಸಿಕೊಂಡರು. ಅಲ್ಲಿಯ ಉಪದೇಶ ‘ನಾನು ಜಾಣ’ನೆಂಬ ಘೋಷಣೆಯಲ್ಲ, ಮಂಕನನ್ನು ಕೂಗಿ ಹೇಳುವ ಬುದ್ಧಿಮಾತು. ಕಾವ್ಯವು ಪ್ರಯೋಗಕ್ಕೆ ಸಾಕ್ಷಿಯಾಗದು. ಆದರೆ ಮಾತಿನ ರೀತಿಗೆ ಒಳ್ಳೆಯ ಮಾದರಿಯಾಗಬಲ್ಲುದು.

ಅಂಜುವ ವಿದ್ಯಾರ್ಥಿಗೆ ‘ನೀನು ಅಸಾಧಾರಣನು’ ಎಂಬ ಮಂತ್ರವನ್ನು ಉಪದೇಶಿಸುವುದಕ್ಕಿಂತ, ತನ್ನ ಹೆಸರನ್ನು ಕರೆದುಕೊಂಡು ‘ಮೊದಲು ಪ್ರಶ್ನೆಯನ್ನು ಪೂರ್ತಿ ಓದು, ಬಲ್ಲುದನ್ನು ಮೊದಲು ಬರೆ’ ಎಂದು ಹೇಳಿಕೊಳ್ಳುವ ಅಭ್ಯಾಸವನ್ನು ಕಲಿಸುವುದು ಲೇಸು. ವ್ಯಾಸಂಗದ ಸ್ಥಾನವನ್ನು ಯಾವ ಸ್ವಗತವೂ ತುಂಬಲಾರದು. ಓದಿದುದು ಸಮಯಕ್ಕೆ ಒದಗುವಂತೆ ಮಾಡುವುದಷ್ಟೇ ಅದರ ಕೆಲಸ.