ಸೆನೆಟಿನ ಒಂದು ಸ್ಥಾನ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಹಿರಿಯ ಸಭೆಗೆ ಸೆನೆಟ್ ಎಂದು ಹೆಸರು. ಸಂಸ್ಥಾನವು ದೊಡ್ಡದಾಗಲಿ ಚಿಕ್ಕದಾಗಲಿ, ಅದಕ್ಕೆ ಅಲ್ಲಿ ಎರಡೇ ಸ್ಥಾನಗಳು. ಈ ಸ್ಥಾನವನ್ನು ತುಂಬತಕ್ಕವರು ಪ್ರಜೆಗಳೋ, ಅವರ ಪ್ರತಿನಿಧಿಗಳೋ? ಇದನ್ನು ಇಲಿನಾಯ್ ಸಂಸ್ಥಾನದ ನಿದರ್ಶನದಿಂದ ನಾವು ವಿಚಾರಮಾಡೋಣ.

೧೮೫೮ರಲ್ಲಿ ಅಲ್ಲಿನ ಸೆನೆಟರಾದ ಸ್ಟೀಫನ್ ಡಗ್ಲಸರಿಗೆ ಎದುರಾಗಿ ನಿಂತವರು ಅಬ್ರಹಾಂ ಲಿಂಕನ್ನರು. ಏಳು ಊರುಗಳಲ್ಲಿ ಇಬ್ಬರೂ ಒಂದೇ ವೇದಿಕೆಯನ್ನೇರಿ, ಪ್ರತಿ ಸಲವೂ ಮೂರು ಗಂಟೆಗಳ ಕಾಲ ವಾದಿಸಿದರು. ಗುಲಾಮಗಿರಿಯು ಹೊಸ ಪ್ರಾಂತಗಳಿಗೆ ಹಬ್ಬಬಹುದೆ ಎಂಬುದೇ ವಾದದ ತಿರುಳು. ಆಯಾ ಪ್ರಾಂತದವರೇ ಅದನ್ನು ನಿರ್ಣಯಿಸಿಕೊಳ್ಳಲೆಂದರು ಡಗ್ಲಸರು. ಅನ್ಯಾಯವನ್ನು ಹಬ್ಬಗೊಡಬಾರದೆಂದರು ಲಿಂಕನ್ನರು.

ಆದರೆ ಕೇಳಲು ನೆರೆದ ಸಾವಿರಾರು ಜನರಿಗೆ ಇವರಲ್ಲಿ ಯಾರಿಗೂ ನೇರವಾಗಿ ಮತ ಕೊಡುವ ಅಧಿಕಾರವಿರಲಿಲ್ಲ. ಅಂದಿನ ವಿಧಿಯಂತೆ ಪ್ರಜೆಗಳು ಆರಿಸುತ್ತಿದ್ದುದು ಸಂಸ್ಥಾನದ ಶಾಸನಸಭೆಯನ್ನು. ಸೆನೆಟರನ್ನು ಆರಿಸುತ್ತಿದ್ದುದು ಆ ಸಭೆ. ಅದೇ ಚುನಾವಣೆಯಲ್ಲಿ ಸಂಸ್ಥಾನದ ಖಜಾಂಚಿಯ ಪದವಿಯು ಇಡೀ ಸಂಸ್ಥಾನದ ಮತದಿಂದ ಲಿಂಕನ್ನರ ಪಕ್ಷಕ್ಕೆ ದೊರೆಯಿತು. ಶಾಸನಸಭೆಯಲ್ಲಾದರೋ ಹಳೆಯ ಕ್ಷೇತ್ರವಿಂಗಡಣೆಯೂ ಅವಧಿ ಮುಗಿಯದ ಸದಸ್ಯರೂ ಡಗ್ಲಸರಿಗೆ ಅನುಕೂಲವಾದರು. ೧೮೫೯ನೆಯ ಜನವರಿಯಲ್ಲಿ ಅವರಿಗೆ ೫೪ ಮತಗಳೂ ಲಿಂಕನ್ನರಿಗೆ ೪೬ ಮತಗಳೂ ಬಂದುವು. ಸೋತವರನ್ನು ೧೮೬೦ರಲ್ಲಿ ರಾಷ್ಟ್ರವು ಅಧ್ಯಕ್ಷರನ್ನಾಗಿ ಆರಿಸಿತು.

ಮುಂದೆ ಕೆಲವು ಶಾಸನಸಭೆಗಳು ಒಮ್ಮತಕ್ಕೆ ಬಾರದೆ ಸ್ಥಾನಗಳು ಬರಿದಾಗಿ ಉಳಿದುವು. ಲಂಚದ ಆರೋಪಗಳೂ ಹುಟ್ಟಿದುವು. ಕೊನೆಗೆ ೧೯೧೩ರಲ್ಲಿ ರಾಜ್ಯಾಂಗದ ೧೭ನೆಯ ತಿದ್ದುಪಡಿಯು ಈ ಆಯ್ಕೆಯನ್ನು ಪ್ರಜೆಗಳ ಕೈಗೇ ಒಪ್ಪಿಸಿತು.

ನಮ್ಮ ರಾಜ್ಯಸಭೆಗೆ ಇಂದಿಗೂ ರಾಜ್ಯಗಳ ಪ್ರತಿನಿಧಿಗಳನ್ನು ಆರಿಸತಕ್ಕವರು ವಿಧಾನಸಭೆಯ ಚುನಾಯಿತ ಸದಸ್ಯರು. ಆದುದರಿಂದ ವಿಧಾನಸಭೆಗೆ ಮತ ಕೊಡುವಾಗ ನಾವು ಎರಡು ಸಭೆಗಳಿಗೆ ದಾರಿ ತೆರೆಯುತ್ತಿರುವೆವೆಂಬುದನ್ನು ಮರೆಯಲಾಗದು.