ಋಷಿಮೂಲ, ನದೀಮೂಲ, ತೈಲಮೂಲ

ಋಷಿಮೂಲ, ನದೀಮೂಲ ಕೆದಕಬಾರದು ಎಂದರು ಹಿರಿಯರು. ತೈಲಮೂಲದ ಬಗ್ಗೆ ಅವರೇನೂ ಹೇಳಿರಲಿಲ್ಲ. ಭೂರಸಾಯನ ವಿಜ್ಞಾನಿಗಳು ಅದರ ಬೆನ್ನು ಬಿದ್ದಿದ್ದಾರೆ.

ಕಚ್ಚಾತೈಲ ಸಿಕ್ಕ ಜಾಗವೇ ಅದರ ತವರಲ್ಲ. ಪಾಚಿ, ಸೂಕ್ಷ್ಮಜೀವಿಗಳ ಶೇಷ ಬೆರೆತ ಕೆಸರು ಆಳದಲ್ಲಿ ಹೂತು ಕಲ್ಲಾಗಿ, ಶಾಖಕ್ಕೆ ಬೆಂದಾಗ ಎಣ್ಣೆ ಹುಟ್ಟುತ್ತದೆ. ಆ ಕಲ್ಲು ಮೂಲಶಿಲೆ. ಅಲ್ಲಿಂದ ಹೊರಬಿದ್ದ ಎಣ್ಣೆ ಬಿರುಕು, ರಂಧ್ರಗಳಲ್ಲಿ ಜಿನುಗುತ್ತಾ ಮೇಲೇರಿ, ಎಷ್ಟೋ ಸಲ ಹತ್ತಾರು ಕಿಲೋಮೀಟರ್ ಸರಿದು, ಯಾವುದೋ ಮರಳುಗಲ್ಲಿನಲ್ಲಿ ತಂಗುತ್ತದೆ. ತವರು ಗೊತ್ತಾದರೆ ಅದರ ಒಡಹುಟ್ಟುಗಳನ್ನು ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ಒಂದೊಂದು ಬಾವಿಗೂ ಕೋಟಿಗಟ್ಟಲೆ ಸುರಿಯುವವರಿಗೆ ಇದು ಬರೀ ಕುತೂಹಲವಲ್ಲ.

ಸುಳಿವು ಇರುವುದು ಇಂಗಾಲದಲ್ಲಿ. ನಿಸರ್ಗದ ಇಂಗಾಲದಲ್ಲಿ ನೂರಕ್ಕೆ ಸುಮಾರು 99 ಪಾಲು ಇಂಗಾಲ-12, ಉಳಿದದ್ದು ತುಸು ಭಾರದ ಇಂಗಾಲ-13. ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುವ ಜೀವಿಗಳಿಗೆ ಹಗುರವಾದದ್ದೇ ಸಲೀಸು. ಯಾವ ಜೀವಿ, ಯಾವ ನೀರು, ಯಾವ ಕಾಲ ಎಂಬುದರ ಮೇಲೆ ಈ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ; ಕಲ್ಲಿನಲ್ಲಿ ಬೆಂದ ಮೇಲೂ ಬಹಳ ಕದಲುವುದಿಲ್ಲ. ತೈಲವನ್ನು ಸುಟ್ಟು, ಹೊಮ್ಮಿದ ಇಂಗಾಲದ ಡೈಆಕ್ಸೈಡನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುತ್ತಾರೆ. ವ್ಯತ್ಯಾಸದ ಲೆಕ್ಕ ನೂರಕ್ಕಲ್ಲ, ಸಾವಿರಕ್ಕೆ ಇಷ್ಟು ಎಂದು. ಈ ಲೆಕ್ಕಕ್ಕೆ ಮೊದಮೊದಲು ತೂಕದ ಕಲ್ಲಾಗಿದ್ದದ್ದು ಅಮೆರಿಕದ ಸೌತ್ ಕ್ಯಾರೊಲಿನಾದ ಪೀ ಡೀ ಸ್ತರದಲ್ಲಿ ಸಿಕ್ಕ ಬೆಲೆಮ್ನೈಟ್ ಪಳೆಯುಳಿಕೆ. ನಮ್ಮ ಕರಾವಳಿಯವರ ಬೊಂಡಾಸಿಗೆ ಅದು ದೂರದ ನಂಟ. ಅಳೆದು ಅಳೆದು ಆ ಕಲ್ಲೇ ಖರ್ಚಾಗಿಹೋಯಿತು!

ರಾಜಸ್ಥಾನದ ಬಾಘೇವಾಲಾ ನೋಡಿ. 1991ರಲ್ಲಿ ಆಯಿಲ್ ಇಂಡಿಯಾ ಸಂಸ್ಥೆಗೆ ಅಲ್ಲಿ ಸಿಕ್ಕಿದ್ದು ಜೋನಿಬೆಲ್ಲದಂಥ ಮಂದ ತೈಲ. ಮುಂಬೈ ಕಡಲಿನ ಬಾಂಬೆ ಹೈ ತೈಲದ ಮೂಲಶಿಲೆಗೆ ಐದಾರು ಕೋಟಿ ವರ್ಷ ವಯಸ್ಸು. ಇದು ಆ ಪೀಳಿಗೆಯದಲ್ಲ. ಇದರ ಇಂಗಾಲ ತೀರಾ ಹಗುರ. ನೆಲದ ಗಿಡಮರಗಳ ಗುರುತೇ ಇಲ್ಲ, ಬರೀ ಪಾಚಿ, ಬ್ಯಾಕ್ಟೀರಿಯಾ. 1995ರಲ್ಲಿ ಭೂರಸಾಯನ ವಿಜ್ಞಾನಿ ಕೆನೆತ್ ಪೀಟರ್ಸ್ ಮತ್ತು ಸಂಗಡಿಗರು ಇದರ ನಂಟರನ್ನು ಗುರುತಿಸಿದರು: ಒಮಾನಿನ ಹುಕ್ಫ್ ತೈಲಗಳು. ಸುಮಾರು 54 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಅರೇಬಿಯಾ ಇನ್ನೂ ನೆರೆಹೊರೆಯಾಗಿದ್ದ ಕಾಲದ ಸಂಬಂಧ ಅದು. ನೆಲದ ಮೇಲೆ ಆಗಿನ್ನೂ ಮರವೇ ಹುಟ್ಟಿರಲಿಲ್ಲ.

ಹಾಗೆಂದು ಇಂಗಾಲವೊಂದನ್ನೇ ನಂಬಿ ಕೂರುವಂತಿಲ್ಲ. ಎರಡು ಬೇರೆ ಬೇರೆ ಶಿಲೆಗಳ ಅಂಕಿ ಒಂದೇ ಆಗಿರಬಹುದು. ನನಗನ್ನಿಸುವಂತೆ ‘ನಂಟಲ್ಲ’ ಎನ್ನುವುದರಲ್ಲಿ ಇದು ಗಟ್ಟಿಗ; ‘ನಂಟು’ ಎನ್ನಲು ಜೀವಿಗಳು ಬಿಟ್ಟುಹೋದ ಅಣುಗಳ ಸಾಕ್ಷಿಯೂ ಬೇಕು.

ಗೋವಾದ ಮರಳಿನಲ್ಲಿ ಅಂಗಾಲಿಗೆ ಮೆತ್ತುವ ಡಾಂಬರುಂಡೆಗಳ ವಿಷಯದಲ್ಲಿ ಆದದ್ದೂ ಇದೇ. ಅನುಮಾನ ಸಹಜವಾಗಿ ಹತ್ತಿರದ ಬಾಂಬೆ ಹೈ ಕಡೆಗೆ. ಉಂಡೆಗಳ ಇಂಗಾಲ, ಅಣು ಎರಡನ್ನೂ ಪರೀಕ್ಷಿಸಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಉತ್ತರ ಬೇರೆ: ಆ ಸಲದ್ದು ಆಗ್ನೇಯ ಏಷ್ಯಾದ ತೈಲ, ಯಾವುದೋ ಟ್ಯಾಂಕರ್ ತೊಳೆದು ಕಡಲಿಗೆ ಚೆಲ್ಲಿದ್ದು.