ಗ್ರಾವೆಲ್ ಬೈಸಿಕಲ್ಲುಗಳಲ್ಲಿ ಮುಂಭಾಗದ ಸಸ್ಪೆನ್ಷನ್ ಮತ್ತು ಅಗಲ ಟೈರುಗಳ ಆಯ್ಕೆ

ಗ್ರಾವೆಲ್ ಬೈಸಿಕಲ್ ಎಂಬುದು ಡಾಂಬರು ಹಾಕದ ಜಲ್ಲಿ ರಸ್ತೆ, ಮಣ್ಣಿನ ದಾರಿ ಹಾಗೂ ಕಾಡುದಾರಿಗಳಲ್ಲಿ ದೂರದ ಸವಾರಿ ಮಾಡಲು ರೂಪಿಸಲಾದ ಬೈಸಿಕಲ್. ನೋಟಕ್ಕೆ ಇದು ರಸ್ತೆ ಪಂದ್ಯದ ಬೈಸಿಕಲ್ಲನ್ನು ಹೋಲುತ್ತದೆ. ಕೆಳಕ್ಕೆ ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್ ಮತ್ತು ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಅಗಲದ ಟೈರುಗಳು ಇದರ ಮುಖ್ಯ ಲಕ್ಷಣಗಳು. ಒರಟು ದಾರಿಯಿಂದ ಬರುವ ಕುಲುಕಾಟವನ್ನು ತಗ್ಗಿಸಲು ಇಂತಹ ಬೈಸಿಕಲ್ಲುಗಳಲ್ಲಿ ಎರಡು ಮುಖ್ಯ ಮಾರ್ಗಗಳಿವೆ. ಮೊದಲನೆಯದು, ಕಡಿಮೆ ಗಾಳಿಯೊತ್ತಡದ ಅಗಲ ಟೈರುಗಳನ್ನು ಬಳಸುವುದು. ಎರಡನೆಯದು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನಲ್ಲಿ ಸಸ್ಪೆನ್ಷನ್ ಅಳವಡಿಸುವುದು. ಇವೆರಡೂ ಒಂದೇ ಕೆಲಸವನ್ನು ಮಾಡುವಂತೆ ಕಂಡರೂ ಅವುಗಳ ಕಾರ್ಯವಿಧಾನ, ತೂಕ, ವೆಚ್ಚ ಮತ್ತು ಮಿತಿಗಳು ಬೇರೆ ಬೇರೆಯಾಗಿವೆ.

ಹಿನ್ನೆಲೆ

ಚಕ್ರಕ್ಕೆ ಗಾಳಿ ತುಂಬಿದ ಟೈರನ್ನು ತೊಡಿಸುವ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಪೇಟೆಂಟ್ ಪಡೆದಿದ್ದನು. ಆದರೆ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನೆಲೆಸಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಚಕ್ರದ ಸೈಕಲ್ಲಿಗಾಗಿ ಗಾಳಿ ಟೈರನ್ನು ಮತ್ತೆ ರೂಪಿಸಿದ ಮೇಲೆ ಅದು ಬೈಸಿಕಲ್ಲುಗಳಲ್ಲಿ ವ್ಯಾಪಕವಾಯಿತು. ಆದ್ದರಿಂದ ಬೈಸಿಕಲ್ಲಿನ ಮೊದಲ ಯಶಸ್ವಿ ಸಸ್ಪೆನ್ಷನ್ ಟೈರೇ ಎಂದು ಹೇಳಬಹುದು.

ಭಾರತದಲ್ಲಿ ದಶಕಗಳ ಕಾಲ ಹಳ್ಳಿ-ಪಟ್ಟಣಗಳೆರಡರಲ್ಲೂ ಓಡಾಡಿದ ಸಾಂಪ್ರದಾಯಿಕ ಕಪ್ಪು ಬೈಸಿಕಲ್ಲೂ ಇದೇ ತತ್ತ್ವವನ್ನು ಅನುಸರಿಸಿತ್ತು. ಅದರ 28 × 1½ ಅಂಗುಲದ ಟೈರಿನ ಅಗಲ ಸುಮಾರು 40 ಮಿಲಿಮೀಟರ್. ಇಂದಿನ ಗ್ರಾವೆಲ್ ಟೈರಿನ ಸಾಮಾನ್ಯ ಅಗಲವೂ ಇಷ್ಟೇ. ಅದರ ಫೋರ್ಕಿನಲ್ಲಿ ಸಸ್ಪೆನ್ಷನ್ ಇರಲಿಲ್ಲ. ಸೀಟಿನ ಕೆಳಗಿದ್ದ ಸುರುಳಿ ಸ್ಪ್ರಿಂಗುಗಳು ಮತ್ತು ಅಗಲವಾದ ಟೈರುಗಳೇ ಕೆಮ್ಮಣ್ಣಿನ ದಾರಿಯ ಕುಲುಕಾಟವನ್ನು ತಡೆಯುತ್ತಿದ್ದವು.

ಬೈಸಿಕಲ್ಲುಗಳ ಸಸ್ಪೆನ್ಷನ್ ಫೋರ್ಕ್ ಜನಪ್ರಿಯವಾದದ್ದು 1990ರ ಆಸುಪಾಸಿನಲ್ಲಿ, ಮೌಂಟನ್ ಬೈಕುಗಳ ಮೂಲಕ. ಅಮೆರಿಕದ ರಾಕ್‌ಶಾಕ್ಸ್ ಸಂಸ್ಥೆಯ ಫೋರ್ಕುಗಳು ಈ ಬೆಳವಣಿಗೆಯಲ್ಲಿ ಪ್ರಮುಖ ಪಾತ್ರ ವಹಿಸಿದವು. ಕೆಲವೇ ವರ್ಷಗಳಲ್ಲಿ ಈ ತಂತ್ರ ರಸ್ತೆ ಪಂದ್ಯಕ್ಕೂ ಕಾಲಿಟ್ಟಿತು. ಉತ್ತರ ಫ್ರಾನ್ಸಿನ ಕಲ್ಲುಹಾಸಿನ ದಾರಿಗಳಲ್ಲಿ ನಡೆಯುವ ಪ್ಯಾರಿಸ್-ರೂಬೆ ಪಂದ್ಯವನ್ನು ಫ್ರಾನ್ಸಿನ ಜಿಲ್ಬೇರ್ ಡ್ಯುಕ್ಲೊ-ಲಸಾಲ್ 1992 ಮತ್ತು 1993ರಲ್ಲಿ ಸಸ್ಪೆನ್ಷನ್ ಫೋರ್ಕ್ ಇದ್ದ ಬೈಸಿಕಲ್ಲಿನಲ್ಲಿ ಗೆದ್ದರು. ಆದರೂ ಆ ಪಂದ್ಯದಲ್ಲಿ ಫೋರ್ಕಿನ ಬಳಕೆ ಬಹುಕಾಲ ಉಳಿಯಲಿಲ್ಲ. ಅಲ್ಲಿನ ಸವಾರರು ಕ್ರಮೇಣ ಟೈರಿನ ಅಗಲವನ್ನು ಹೆಚ್ಚಿಸುವ ಮಾರ್ಗವನ್ನೇ ಹಿಡಿದರು. ಇತ್ತೀಚಿನ ವರ್ಷಗಳಲ್ಲಿ 30 ಮಿಲಿಮೀಟರಿಗೂ ಹೆಚ್ಚು ಅಗಲದ ಟೈರುಗಳು ಅಲ್ಲಿ ಸಾಮಾನ್ಯವಾಗಿವೆ.

ಗ್ರಾವೆಲ್ ಸವಾರಿ ಸ್ಪರ್ಧೆಯ ರೂಪ ತಳೆದದ್ದು ಮುಖ್ಯವಾಗಿ ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ. ಕ್ಯಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾಗಿ ಈಗ ಅನ್‌ಬೌಂಡ್ ಗ್ರಾವೆಲ್ ಎಂದು ಕರೆಯಲ್ಪಡುವ ಪಂದ್ಯದ ಪ್ರಧಾನ ದೂರ 200 ಮೈಲಿ, ಎಂದರೆ ಸುಮಾರು 320 ಕಿಲೋಮೀಟರ್. ಅಲ್ಲಿನ ಫ್ಲಿಂಟ್ ಹಿಲ್ಸ್ ಪ್ರದೇಶದ ಚೂಪಾದ ಚಕಮಕಿ ಕಲ್ಲುಗಳು ಟೈರನ್ನು ಸೀಳುವುದಕ್ಕೆ ಹೆಸರಾಗಿವೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಮೊದಲ ವಿಶ್ವ ಗ್ರಾವೆಲ್ ಚಾಂಪಿಯನ್‌ಶಿಪ್ಪನ್ನು 2022ರಲ್ಲಿ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ನಡೆಸಿತು.

ಕಂಪನದ ಪರಿಣಾಮ

ಜಲ್ಲಿ ರಸ್ತೆಯ ತೊಂದರೆಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಒಂದು, ಸಣ್ಣ ಕಲ್ಲುಗಳಿಂದ ಎಡೆಬಿಡದೆ ಬರುವ ಸೂಕ್ಷ್ಮ ಕಂಪನ. ಇನ್ನೊಂದು, ಗುಂಡಿ, ಬೇರು, ದೊಡ್ಡ ಕಲ್ಲು ಅಥವಾ ವಾಹನಗಳ ಓಡಾಟದಿಂದ ರಸ್ತೆಗೆ ಅಡ್ಡಲಾಗಿ ಮೂಡುವ ಏಣುಗಳಿಂದ ಬರುವ ದೊಡ್ಡ ಹೊಡೆತ. ಅರ್ಧ ಮೀಟರಿಗೊಂದರಂತೆ ಏಣುಗಳಿರುವ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನ ಕೈಗಳಿಗೆ ಸೆಕೆಂಡಿಗೆ ಸುಮಾರು 14 ಹೊಡೆತಗಳು ಬೀಳುತ್ತವೆ.

ಇದು ಸುಖದ ಪ್ರಶ್ನೆಯಷ್ಟೇ ಅಲ್ಲ. ಅಂಗೈಯ ಮೇಲೆ ದೀರ್ಘಕಾಲ ಭಾರ ಮತ್ತು ಕಂಪನ ಬಿದ್ದರೆ ಮಣಿಕಟ್ಟಿನ ಬಳಿ ಹಾದುಹೋಗುವ ಅಲ್ನಾರ್ ನರ ಅದುಮಲ್ಪಟ್ಟು ಕಿರುಬೆರಳು ಮತ್ತು ಉಂಗುರಬೆರಳುಗಳು ಜೋಮು ಹಿಡಿಯುತ್ತವೆ. ತೊಂದರೆ ಮುಂದುವರಿದರೆ ಹಿಡಿತದ ಬಲವೂ ಕುಗ್ಗಬಹುದು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಬೇಕಾದ ಕೈಯೇ ಸೋತರೆ ಅಪಾಯ ಖಚಿತ. ಮುಂದಿನ ಚಕ್ರ ಪುಟಿದು ನೆಲದಿಂದ ಮೇಲೇಳುವ ಕ್ಷಣದಲ್ಲಿ ತಿರುಗಿಸುವ ಮತ್ತು ನಿಲ್ಲಿಸುವ ಎರಡು ಸಾಮರ್ಥ್ಯಗಳೂ ಇಲ್ಲವಾಗುತ್ತವೆ.

ಅಗಲ ಟೈರಿನ ಕಾರ್ಯವಿಧಾನ

ಟೈರಿನ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಟೈರಿನ ಅಡ್ಡಕೊಯ್ತದ ವಿಸ್ತೀರ್ಣವು ಅಗಲದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ 40 ಮಿಲಿಮೀಟರ್ ಟೈರಿನ ಬದಲು 50 ಮಿಲಿಮೀಟರ್ ಟೈರನ್ನು ಹಾಕಿದರೆ ಅಗಲ ಶೇಕಡಾ 25ರಷ್ಟು ಹೆಚ್ಚಿದರೂ ಅಡ್ಡಕೊಯ್ತವು ಸುಮಾರು ಶೇಕಡಾ 56ರಷ್ಟು ಹೆಚ್ಚುತ್ತದೆ.

ಟೈರಿನ ಗೋಡೆಯ ಬಿಗಿತವು ಗಾಳಿಯೊತ್ತಡ ಮತ್ತು ಟೈರಿನ ತ್ರಿಜ್ಯಗಳ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಒಂದೇ ಒತ್ತಡದಲ್ಲಿ ಅಗಲ ಟೈರು ಹೆಚ್ಚು ಬಿಗಿಯಾಗಿರುತ್ತದೆಂಬುದು ಇದರಿಂದ ತಿಳಿಯುತ್ತದೆ. ಹೀಗಾಗಿ ಹೊಸದಾಗಿ ಅಗಲ ಟೈರು ಹಾಕಿಸಿ ಹಳೆಯ ಒತ್ತಡಕ್ಕೇ ಗಾಳಿ ಹೊಡೆದರೆ ನಿರೀಕ್ಷಿಸಿದ ಮೃದುತ್ವ ದೊರೆಯುವುದಿಲ್ಲ. ಸಮಾನ ಬಿಗಿತಕ್ಕೆ 40 ಮಿಲಿಮೀಟರ್ ಟೈರಿನಲ್ಲಿ 35 ಪಿಎಸ್‌ಐ ಒತ್ತಡವಿದ್ದರೆ 50 ಮಿಲಿಮೀಟರ್ ಟೈರಿನಲ್ಲಿ 28 ಪಿಎಸ್‌ಐ ಸಾಕಾಗುತ್ತದೆ. ಇದು ತತ್ತ್ವವನ್ನು ತೋರಿಸುವ ಲೆಕ್ಕ ಮಾತ್ರ. ನಿಜವಾದ ಒತ್ತಡವು ಸವಾರನ ತೂಕ, ರಿಮ್ಮಿನ ಅಗಲ ಮತ್ತು ದಾರಿಯ ಸ್ಥಿತಿಯನ್ನು ಅವಲಂಬಿಸುತ್ತದೆ.

ಒರಟು ದಾರಿಯಲ್ಲಿ ಮೃದುವಾದ ಟೈರು ನಿಧಾನ ಎಂಬ ಹಳೆಯ ನಂಬಿಕೆ ಈಗ ಬಹುಮಟ್ಟಿಗೆ ಸಡಿಲಗೊಂಡಿದೆ. ಗಟ್ಟಿ ಟೈರು ಪ್ರತಿ ಕಲ್ಲಿನ ಮೇಲೂ ಬೈಸಿಕಲ್ ಮತ್ತು ಸವಾರ ಇಬ್ಬರನ್ನೂ ಮೇಲಕ್ಕೆತ್ತುತ್ತದೆ. ಮುಂದಕ್ಕೆ ಸಾಗಲು ಬಳಕೆಯಾಗಬೇಕಾದ ಶಕ್ತಿ ದೇಹದ ಕುಲುಕಾಟದಲ್ಲಿ ವ್ಯಯವಾಗುತ್ತದೆ. ಮೃದು ಟೈರು ಕಲ್ಲಿನ ಸುತ್ತ ತಾನೇ ಬಾಗಿ ಈ ನಷ್ಟವನ್ನು ತಗ್ಗಿಸುತ್ತದೆ. ಬೈಸಿಕಲ್ ಕ್ವಾರ್ಟರ್ಲಿ ಪತ್ರಿಕೆಯ ಸಂಪಾದಕ ಯಾನ್ ಹೈನ ಈ ವಿಚಾರವನ್ನು ಪ್ರಚುರಪಡಿಸಿದವರಲ್ಲಿ ಪ್ರಮುಖರು.

ಅಗಲ ಟೈರಿನ ಇನ್ನೊಂದು ಅನುಕೂಲವೆಂದರೆ ಅದು ಮುಂದಿನ ಮತ್ತು ಹಿಂದಿನ ಚಕ್ರಗಳೆರಡರಲ್ಲೂ ಕೆಲಸ ಮಾಡುತ್ತದೆ. ಸವಾರನ ಹೆಚ್ಚಿನ ಭಾರ ಬೀಳುವ ಸೀಟಿಗೂ ಅದರ ಪ್ರಯೋಜನ ತಲುಪುತ್ತದೆ. ಮರಳು ಮತ್ತು ಸಡಿಲ ಜಲ್ಲಿಯಲ್ಲಿ ಚಕ್ರ ಹೂತುಹೋಗುವುದೂ ಕಡಿಮೆಯಾಗುತ್ತದೆ.

ಮಿತಿಗಳೂ ಇವೆ. ಟೈರು ಹೊಡೆತವನ್ನು ಹೀರಿಕೊಂಡರೂ ಅದರ ಬಹುಪಾಲನ್ನು ಒಡನೆಯೇ ಮರಳಿಸುತ್ತದೆ. ಹೀಗಾಗಿ ದೊಡ್ಡ ಹೊಡೆತಗಳು ಒಂದರ ಹಿಂದೆ ಒಂದರಂತೆ ಬಂದಾಗ ಬೈಸಿಕಲ್ ಚೆಂಡಿನಂತೆ ಪುಟಿಯತೊಡಗುತ್ತದೆ. ಒತ್ತಡ ತೀರಾ ಕಡಿಮೆಯಾದರೆ ತಿರುವಿನಲ್ಲಿ ಟೈರು ಬದಿಗೆ ವಾಲುತ್ತದೆ, ಕಲ್ಲಿಗೆ ಬಡಿದು ರಿಮ್ ಹಾಳಾಗುತ್ತದೆ. ಟ್ಯೂಬ್ ಇರುವ ಚಕ್ರವಾದರೆ ಕಲ್ಲು ಮತ್ತು ರಿಮ್ಮಿನ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತುಗಳ ಪಂಕ್ಚರ್ ಆಗುತ್ತದೆ. ಈ ಕಾರಣದಿಂದಲೇ ಗ್ರಾವೆಲ್ ಸವಾರರಲ್ಲಿ ಹೆಚ್ಚಿನವರು ಟ್ಯೂಬ್‌ಲೆಸ್ ಟೈರುಗಳನ್ನು, ಸಣ್ಣ ತೂತುಗಳನ್ನು ತಾನಾಗಿ ಮುಚ್ಚುವ ದ್ರವದೊಂದಿಗೆ ಬಳಸುತ್ತಾರೆ.

ಸಸ್ಪೆನ್ಷನ್ ಫೋರ್ಕಿನ ಕಾರ್ಯವಿಧಾನ

ಸಸ್ಪೆನ್ಷನ್ ಫೋರ್ಕಿನಲ್ಲಿ ಎರಡು ಅಂಗಗಳಿರುತ್ತವೆ. ಗಾಳಿಯ ಅಥವಾ ಲೋಹದ ಸ್ಪ್ರಿಂಗ್ ಹೊಡೆತವನ್ನು ಹೀರಿಕೊಳ್ಳುತ್ತದೆ. ಡ್ಯಾಂಪರ್ ಎಂಬ ಭಾಗವು ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ಹಾಯಿಸಿ, ಸ್ಪ್ರಿಂಗ್ ಒಮ್ಮೆಲೇ ಮರಳಿ ಚಿಮ್ಮದಂತೆ ತಡೆಯುತ್ತದೆ. ಟೈರು ಮಾಡಲಾರದ ಕೆಲಸ ಇದೇ. ಫೋರ್ಕಿನ ನೆರವಿನಿಂದ ಮುಂದಿನ ಚಕ್ರ ನೆಲವನ್ನು ಬಿಡದೆ ಹಿಂಬಾಲಿಸುತ್ತದೆ. ಒರಟಾದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಗ್ರಾವೆಲ್ ಫೋರ್ಕುಗಳ ಚಲನೆಯ ವ್ಯಾಪ್ತಿ ಮೌಂಟನ್ ಬೈಕುಗಳಿಗಿಂತ ಬಹಳ ಕಡಿಮೆ. 2021ರಲ್ಲಿ ಮಾರುಕಟ್ಟೆಗೆ ಬಂದ ರಾಕ್‌ಶಾಕ್ಸ್ ರೂಡಿ ಫೋರ್ಕಿನ ವ್ಯಾಪ್ತಿ 30 ಅಥವಾ 40 ಮಿಲಿಮೀಟರ್. ಅದೇ ವರ್ಷದ ಫಾಕ್ಸ್ 32 ಟೇಪರ್-ಕಾಸ್ಟ್ ಫೋರ್ಕಿನದು 40 ಅಥವಾ 50 ಮಿಲಿಮೀಟರ್. ಈ ಬಗೆಯ ಫೋರ್ಕುಗಳ ತೂಕ ಸುಮಾರು 1,200 ಗ್ರಾಂ ಇದ್ದರೆ, ಸಸ್ಪೆನ್ಷನ್ ಇಲ್ಲದ ಕಾರ್ಬನ್ ಫೋರ್ಕಿನ ತೂಕ ಸುಮಾರು 400ರಿಂದ 500 ಗ್ರಾಂ. ಐಸ್‌ಲೆಂಡಿನ ಲೌಫ್ ಸಂಸ್ಥೆಯ ಫೋರ್ಕು ಬೇರೆ ಬಗೆಯದು. ಅದರಲ್ಲಿ ಡ್ಯಾಂಪರ್ ಇಲ್ಲ. ಗಾಜಿನ ನಾರಿನ ಪಟ್ಟಿಗಳೇ 30 ಮಿಲಿಮೀಟರಿನಷ್ಟು ಬಾಗಿ ಸ್ಪ್ರಿಂಗಿನ ಕೆಲಸ ಮಾಡುತ್ತವೆ. ಎಣ್ಣೆ ಮತ್ತು ಸೀಲುಗಳಿಲ್ಲದ ಕಾರಣ ಅದರ ನಿರ್ವಹಣೆ ಸುಲಭ.

ಫೋರ್ಕಿನ ಕೊರತೆಗಳಲ್ಲಿ ತೂಕ ಮತ್ತು ಬೆಲೆ ಮೊದಲು ಕಾಣುವಂಥವು. ಒಳಗಿನ ಎಣ್ಣೆ ಹಾಗೂ ಸೀಲುಗಳನ್ನು ನಿಯತವಾಗಿ ಬದಲಿಸಬೇಕು. ಧೂಳು ಮತ್ತು ಕೆಸರಿನ ದಾರಿಗಳಲ್ಲಿ ಈ ಕೆಲಸ ಇನ್ನೂ ಬೇಗ ಬೇಕಾಗುತ್ತದೆ. ಸೀಟಿಗೆ ಬರುವ ಕುಲುಕಾಟವನ್ನು ಮುಂದಿನ ಫೋರ್ಕು ತಡೆಯಲಾರದು. ಸೀಲುಗಳ ಘರ್ಷಣೆಯ ಕಾರಣ ಅತಿ ಸಣ್ಣ ಕಂಪನಗಳಿಗೆ ಅದು ಸ್ಪಂದಿಸುವುದೂ ಕಡಿಮೆ. ಆ ಕಂಪನಗಳನ್ನು ಟೈರೇ ಚೆನ್ನಾಗಿ ಹೀರುತ್ತದೆ.

ಚೌಕಟ್ಟಿನ ನಿರ್ಬಂಧಗಳು

ಆಯ್ಕೆಯನ್ನು ಹಲವು ವೇಳೆ ಸವಾರನ ಇಚ್ಛೆಗಿಂತ ಬೈಸಿಕಲ್ಲಿನ ಚೌಕಟ್ಟೇ ನಿರ್ಧರಿಸುತ್ತದೆ.

ಟೈರಿನ ಅಗಲಕ್ಕೆ ಫೋರ್ಕಿನ ಕವಲುಗಳು ಮತ್ತು ಹಿಂದಿನ ಚಕ್ರದ ಇಕ್ಕೆಲದ ಕೊಳವೆಗಳ ನಡುವಿನ ಜಾಗ ಮಿತಿ ಹಾಕುತ್ತದೆ. ತಯಾರಕರು ಸೂಚಿಸಿದ ಗರಿಷ್ಠ ಅಗಲವನ್ನು ಮೀರಿದರೆ ಸಿಕ್ಕಿಕೊಂಡ ಕಲ್ಲು ಚೌಕಟ್ಟನ್ನು ಉಜ್ಜುತ್ತದೆ, ಕೆಸರು ತುಂಬಿ ಚಕ್ರ ನಿಂತೇಹೋಗುತ್ತದೆ. 2023ರ ಅನ್‌ಬೌಂಡ್ ಪಂದ್ಯದ ಆರಂಭದಲ್ಲೇ ಎದುರಾದ ಜಿಗುಟು ಕೆಸರಿನಲ್ಲಿ ಅನೇಕ ಸವಾರರು ಬೈಸಿಕಲ್ಲನ್ನು ಹೊತ್ತು ನಡೆಯಬೇಕಾಯಿತು. ಟೈರಿನ ಸುತ್ತ ಉಳಿಯುವ ಖಾಲಿ ಜಾಗದ ಬೆಲೆ ಇಂತಹ ಸಂದರ್ಭಗಳಲ್ಲಿ ತಿಳಿಯುತ್ತದೆ.

ಜಾಗ ಸಾಲದಿದ್ದಾಗ ಚಿಕ್ಕ ಚಕ್ರವನ್ನು ಬಳಸುವ ದಾರಿಯೂ ಇದೆ. 700ಸಿ ರಿಮ್ಮಿನ ವ್ಯಾಸ 622 ಮಿಲಿಮೀಟರ್, 650ಬಿ ರಿಮ್ಮಿನದು 584 ಮಿಲಿಮೀಟರ್. 650ಬಿ ರಿಮ್ಮಿಗೆ 47 ಮಿಲಿಮೀಟರ್ ಟೈರನ್ನು ತೊಡಿಸಿದರೆ ಒಟ್ಟು ವ್ಯಾಸ 678 ಮಿಲಿಮೀಟರ್ ಆಗುತ್ತದೆ. 28 ಮಿಲಿಮೀಟರ್ ಟೈರಿನ 700ಸಿ ಚಕ್ರದ ವ್ಯಾಸವೂ ಅಷ್ಟೇ. ಎಲ್ಲ ಚೌಕಟ್ಟುಗಳಲ್ಲೂ ಇದು ಸಾಧ್ಯವಿಲ್ಲ.

ಸಸ್ಪೆನ್ಷನ್ ಫೋರ್ಕಿಗೆ ಚಲಿಸಲು ಜಾಗ ಬೇಕಾದ್ದರಿಂದ ಅದರ ಉದ್ದ ಸಾಮಾನ್ಯ ಫೋರ್ಕಿಗಿಂತ ಹೆಚ್ಚಾಗಿರುತ್ತದೆ. ಬೈಸಿಕಲ್ಲಿನ ಎರಡು ಚಕ್ರಗಳ ಅಚ್ಚುಗಳ ನಡುವೆ 1,030 ಮಿಲಿಮೀಟರ್ ಅಂತರವಿದ್ದು ಮುಂಭಾಗ 20 ಮಿಲಿಮೀಟರ್ ಮೇಲಕ್ಕೆದ್ದರೆ ಇಡೀ ಚೌಕಟ್ಟು ಸುಮಾರು 1 ಡಿಗ್ರಿಯಷ್ಟು ಹಿಂದಕ್ಕೆ ಓರೆಯಾಗುತ್ತದೆ. ಇದರಿಂದ ಹ್ಯಾಂಡಲ್ ಎತ್ತರವಾಗುತ್ತದೆ, ನಿಧಾನ ವೇಗದಲ್ಲಿ ತಿರುಗಿಸುವಿಕೆ ಜಡವೆನಿಸುತ್ತದೆ. ಉದ್ದವಾದ ಫೋರ್ಕಿನಿಂದ ಚೌಕಟ್ಟಿನ ಮೂತಿಯ ಮೇಲೆ ಬೀಳುವ ಸೆಳೆತವೂ ಹೆಚ್ಚುತ್ತದೆ. ಆದ್ದರಿಂದ ತಯಾರಕರು ಒಪ್ಪಿಗೆ ನೀಡದ ಚೌಕಟ್ಟಿಗೆ ಇಂತಹ ಫೋರ್ಕನ್ನು ಅಳವಡಿಸುವುದು ಸುರಕ್ಷಿತವಲ್ಲ.

ಹೋಲಿಕೆ

• ಸಣ್ಣ ಕಂಪನ: ಅಗಲ ಟೈರು ಹೆಚ್ಚು ಪರಿಣಾಮಕಾರಿ.
• ದೊಡ್ಡ, ಸರಣಿ ಹೊಡೆತ: ಡ್ಯಾಂಪರ್ ಇರುವ ಫೋರ್ಕು ಹೆಚ್ಚು ಪರಿಣಾಮಕಾರಿ.
• ಪ್ರಯೋಜನದ ವ್ಯಾಪ್ತಿ: ಟೈರಿನದು ಎರಡೂ ಚಕ್ರಗಳಿಗೆ; ಫೋರ್ಕಿನದು ಮುಂದಿನ ಚಕ್ರಕ್ಕೆ ಮಾತ್ರ.
• ಹೆಚ್ಚುವರಿ ತೂಕ: ಅಗಲ ಟೈರಿನ ಜೋಡಿಗೆ ಸಾಮಾನ್ಯವಾಗಿ ಕೆಲವು ನೂರು ಗ್ರಾಂ, ಫೋರ್ಕಿಗೆ ಸುಮಾರು 700ರಿಂದ 800 ಗ್ರಾಂ.
• ವೆಚ್ಚ: ಫೋರ್ಕಿನ ಬೆಲೆ ಒಂದು ಜೊತೆ ಟೈರಿನ ಹಲವು ಪಟ್ಟು.
• ನಿರ್ವಹಣೆ: ಟೈರಿಗೆ ಗಾಳಿ ಮತ್ತು ದ್ರವದ ಪರಿಶೀಲನೆ; ಫೋರ್ಕಿಗೆ ನಿಯತಕಾಲಿಕ ಬಿಚ್ಚುವಿಕೆ ಮತ್ತು ಎಣ್ಣೆ ಬದಲಾವಣೆ.
• ಹಿಂದಿನ ಸ್ಥಿತಿಗೆ ಮರಳುವುದು: ಟೈರು ಬದಲಿಸುವುದು ಸುಲಭ, ಫೋರ್ಕು ಬದಲಿಸಲು ಮೆಕ್ಯಾನಿಕ್ ನೆರವು ಬೇಕಾಗಬಹುದು.

ಆಯ್ಕೆಯ ಕ್ರಮ

ವೆಚ್ಚ ಕಡಿಮೆಯಿರುವ ಉಪಾಯದಿಂದ ಆರಂಭಿಸುವುದು ಸೂಕ್ತ ಕ್ರಮ. ಮೊದಲು ಈಗಿರುವ ಟೈರಿನ ಒತ್ತಡವನ್ನು ಪರಿಚಿತ ದಾರಿಯೊಂದರಲ್ಲಿ 2 ಪಿಎಸ್‌ಐಯಂತೆ ಇಳಿಸುತ್ತ ಪರೀಕ್ಷಿಸಬೇಕು. ರಿಮ್ ಕಲ್ಲಿಗೆ ಬಡಿಯುವ ಸದ್ದು ಕೇಳಿದರೆ ಅಥವಾ ತಿರುವಿನಲ್ಲಿ ಟೈರು ವಾಲಿದರೆ ಅಲ್ಲಿಂದ ಸ್ವಲ್ಪ ಮೇಲಕ್ಕೆ ಒತ್ತಡವನ್ನು ನಿಲ್ಲಿಸಬೇಕು. ತೊಂದರೆ ಉಳಿದರೆ ಚೌಕಟ್ಟು ಅನುಮತಿಸುವಷ್ಟು ಅಗಲದ, ಮೃದು ಗೋಡೆಯ ಟೈರು ಮುಂದಿನ ಹೆಜ್ಜೆ. ಚೂಪು ಕಲ್ಲಿನ ಪ್ರದೇಶದಲ್ಲಿ ಮಾತ್ರ ಗೋಡೆ ತುಸು ಗಟ್ಟಿಯಾಗಿರುವ ಟೈರೇ ಮೇಲು. ಎರಡೂ ಚಕ್ರಗಳಿಗೆ ಜಾಗವಿಲ್ಲದಿದ್ದರೆ ಮುಂದಿನ ಚಕ್ರಕ್ಕೆ ಮಾತ್ರ ಹೆಚ್ಚು ಅಗಲದ ಟೈರನ್ನು ಹಾಕುವುದುಂಟು. ಹ್ಯಾಂಡಲ್ಲಿಗೆ ದಪ್ಪ ಟೇಪು ಸುತ್ತುವುದು, ಸವಾರನ ಅಳತೆಗೆ ತಕ್ಕಂತೆ ಹ್ಯಾಂಡಲ್ ಎತ್ತರವನ್ನು ಸರಿಪಡಿಸುವುದು, ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನಲ್ಲೇ ಸಸ್ಪೆನ್ಷನ್ ಇರುವಂಥದ್ದನ್ನು ಬಳಸುವುದು ಕೂಡ ಕೈ ಜೋಮಿಗೆ ಪರಿಹಾರಗಳಾಗಬಲ್ಲವು.

ಇಷ್ಟಾದ ಮೇಲೂ ಕೈಗಳು ಸೋಲುತ್ತಿದ್ದರೆ, ಅಥವಾ ಸವಾರಿಯ ಹೆಚ್ಚು ಭಾಗ ಬೇರು-ಬಂಡೆಗಳ ಕಾಡುದಾರಿ ಮತ್ತು ಕಡಿದಾದ ಇಳಿಜಾರುಗಳಲ್ಲೇ ನಡೆಯುತ್ತಿದ್ದರೆ ಸಸ್ಪೆನ್ಷನ್ ಫೋರ್ಕು ಅರ್ಥಪೂರ್ಣ ಆಯ್ಕೆಯಾಗುತ್ತದೆ. ಫೋರ್ಕು ಬಂದ ಮಾತ್ರಕ್ಕೆ ಟೈರಿನ ಕೆಲಸ ಮುಗಿಯುವುದಿಲ್ಲ. ಗಟ್ಟಿಯಾಗಿ ಗಾಳಿ ತುಂಬಿದ ಕಿರಿದಾದ ಟೈರಿನೊಡನೆ ಒಳ್ಳೆಯ ಫೋರ್ಕು ಕೂಡ ಕಂಪನವನ್ನು ಕೈಗೆ ದಾಟಿಸುತ್ತದೆ. ಸಾಧಾರಣ ಜಲ್ಲಿ ಮತ್ತು ಮಣ್ಣಿನ ರಸ್ತೆಗಳಲ್ಲಿ ಓಡಾಡುವ ಬಹುತೇಕ ಸವಾರರಿಗೆ ಸರಿಯಾದ ಒತ್ತಡದ ಅಗಲ ಟೈರುಗಳೇ ಸಾಕಾಗುತ್ತವೆ.